ಸಂಶಯಕ್ಕೂ ಒಂದು ಧರ್ಮ ಐತಿ

ಮನೆಗೆ ಹೊಸ ಸಾಮಾನು ತರುವ ಮಾತು ಬಂದರೆ ನಮ್ಮ ಜತ್ತ ತಾಲೂಕಿನ ಊರುಗಳಲ್ಲಿ ಎರಡು ತರಹದ ಮಂದಿ ಕಾಣುತ್ತಾರೆ. ಮಾರುವವನ ಮಾತು ಮುಗಿಯುವುದರೊಳಗೆ ರೊಕ್ಕ ಎಣಿಸುವವರದು ಒಂದು ಪಂಗಡ. "ಇದೆಲ್ಲಾ ಕಂಪನಿಯವರ ಆಟ, ನಮ್ಮ ಹಿರ್ಯಾರು ಇದಿಲ್ಲದ ಬದುಕಲಿಲ್ಲೇನು?" ಅನ್ನುವವರದು ಇನ್ನೊಂದು ಪಂಗಡ. ನೀನು ಯಾವ ಕಡೆ ಎಂದು ಕೇಳಿದರೆ ನಾನು ಸಂಶಯ ಪಡುವವರ ಸಾಲಿನಲ್ಲೇ ಕೂಡುತ್ತೇನೆ. ರೈತನಾದವ ಬೀಜ ತಗೊಳ್ಳುವಾಗ ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾನೆ. ಎತ್ತು ತಗೊಳ್ಳುವಾಗ ಹಲ್ಲು ನೋಡುತ್ತಾನೆ, ನಡಿಗೆ ನೋಡುತ್ತಾನೆ. ಫ್ಯಾನು, ಬ್ಯಾಟರಿ, ಸೋಲಾರ ತಗೊಳ್ಳುವಾಗ ಮಾತ್ರ ಯಾಕೆ ಕಣ್ಣು ಮುಚ್ಚಬೇಕು?

ಆದರೆ ಸಂಶಯ ಪಡುವವರನ್ನೂ ಒಂದು ಮಾತು ಕೇಳಬೇಕಾಗಿದೆ. ನಾವು ಸಂಶಯ ಪಡುವುದು ಯಾರ ಸಲುವಾಗಿ? ಮೋಸ ಆಗಬಾರದು ಎಂದೋ, ಅಥವಾ ನಮ್ಮ ಗಂಟು ಬಿಚ್ಚಬಾರದು ಎಂದೋ? ಎರಡೂ ಹೊರಗಿನಿಂದ ನೋಡಲಿಕ್ಕೆ ಒಂದೇ ತರ ಇರುತ್ತವೆ. ಒಳಗೆ ಬಹಳ ಫರಕು ಐತಿ. ಆ ಫರಕು ಏನು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಮೊದಲು ಲೆಕ್ಕದಿಂದ ಸುರು ಮಾಡೋಣ. ಲೆಕ್ಕವಿಲ್ಲದ ಸಂಶಯ ಬರೀ ಹಟ. ಲೈಟ ಬಿಲ್ಲಿನಲ್ಲಿ ಯುನಿಟ್ ಎಂದು ಬರೆದಿರುತ್ತದಲ್ಲ, ಅದು ದೊಡ್ಡ ವಿದ್ಯೆ ಏನಲ್ಲ. 1000 ವ್ಯಾಟಿನ ಸಾಮಾನು ಒಂದು ತಾಸು ನಡೆದರೆ ಒಂದು ಯುನಿಟ್. 100 ವ್ಯಾಟಿನದು ಹತ್ತು ತಾಸು ನಡೆದರೂ ಒಂದೇ ಯುನಿಟ್. ಎಷ್ಟು ವ್ಯಾಟು, ಎಷ್ಟು ತಾಸು, ಇವೆರಡು ಗೊತ್ತಿದ್ದರೆ ಐದನೇ ಇಯತ್ತೆಯ ಹುಡುಗನೂ ಮನೆಯ ಲೆಕ್ಕ ಹಾಕಬಲ್ಲ. ನಮ್ಮ ಶಾಲೆಯ ಗುರುಗಳು ಗುಣಾಕಾರ ಕಲಿಸುವಾಗ ಮಕ್ಕಳ ಕೈಯಿಂದ ಇದನ್ನೇ ಮಾಡಿಸಿದರೆ ಎಷ್ಟೋ ಮನೆಗಳಿಗೆ ಉಪಕಾರ ಆದೀತು.

ಫ್ಯಾನಿನ ಮಾತು ನೋಡಿರಿ. ಹಳೆಯ ತರಹದ ಫ್ಯಾನು ಸುಮಾರು 75 ವ್ಯಾಟು ತಿನ್ನುತ್ತದೆ. ಈಗ ಬಿಎಲ್‌ಡಿಸಿ ಅಂತ ಬಂದಿರುವ ಫ್ಯಾನು ಸುಮಾರು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ ಹತ್ತು ತಾಸು ತಿರುಗಿದರೆ ತಿಂಗಳಿಗೆ ಹಳೆಯದಕ್ಕೆ ಇಪ್ಪತ್ತೆರಡೂವರೆ ಯುನಿಟ್, ಹೊಸದಕ್ಕೆ ಒಂಬತ್ತು ಯುನಿಟ್. ಯುನಿಟ್ಟಿಗೆ ಆರು ರೂಪಾಯಿ ಹಿಡಿದರೆ ತಿಂಗಳಿಗೆ 81 ರೂಪಾಯಿ ಉಳಿಯಿತು. ಹೊಸ ಫ್ಯಾನಿಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟಿದ್ದರೆ ಅದು ಹನ್ನೆರಡು ಹದಿಮೂರು ತಿಂಗಳ ತಿರುಗುವಿಕೆಯಲ್ಲಿ ಮುಟ್ಟುತ್ತದೆ. ಮಾರುವವ ಹೇಳುವುದು ಸುಳ್ಳಲ್ಲ. ಆದರೆ ಅದೇ ಫ್ಯಾನನ್ನು ವರ್ಷಕ್ಕೆ ಎರಡು ಸಲ ಬೀಗರು ಬಂದಾಗ ತೆರೆಯುವ ಕೋಣೆಗೆ ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಆ ಸಾವಿರ ಮುಟ್ಟುವುದಿಲ್ಲ. ಉಳಿತಾಯ ಫ್ಯಾನಿನ ಡಬ್ಬಿಯೊಳಗೆ ಇರುವುದಿಲ್ಲ, ಅದು ತಿರುಗುವ ತಾಸಿನಲ್ಲಿ ಇರುತ್ತದೆ. ಅಂಗಡಿಯವನಿಗೆ ನಮ್ಮ ತಾಸು ಗೊತ್ತಿಲ್ಲ. ನಮಗೇ ಗೊತ್ತಿರಬೇಕು.

ಫ್ರಿಜ್ಜಿನ ಮೇಲಿನ ಚುಕ್ಕಿಯ ಲೆಕ್ಕವೂ ಹಿಂಗೇ. ಐದು ಚುಕ್ಕಿ ಎಂದರೆ ಐದು ಚುಕ್ಕಿ ಎಂದು ತಿಳಿಯಬಾರದು. ಸರ್ಕಾರ ಆಗಾಗ ಆ ಅಳತೆಯನ್ನು ಬಿಗಿ ಮಾಡುತ್ತಿರುತ್ತದೆ. ಹಿಂದಿನ ಐದು ಚುಕ್ಕಿ ಇವತ್ತಿನ ಮೂರಕ್ಕೆ ಇಳಿದಿರಬಹುದು. ಅದೇ ಚೀಟಿಯ ಮೇಲೆ ವರ್ಷಕ್ಕೆ ಎಷ್ಟು ಯುನಿಟ್ ತಿನ್ನುತ್ತದೆ ಎಂದು ಅಂಕಿ ಬರೆದಿರುತ್ತಾರೆ. ಚುಕ್ಕಿ ಬಿಟ್ಟು ಅಂಕಿ ನೋಡಬೇಕು.

ಇನ್ನು ಪೂರ್ತಿ ಸುಳ್ಳಿನ ಸಾಮಾನೂ ಇವೆ. ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಬಿಲ್ಲು ಅರ್ಧಕ್ಕೆ ಇಳಿಯುತ್ತದೆ ಎಂದು ಒಂದು ಸಣ್ಣ ಡಬ್ಬಿ ಮಾರುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ಒಂದು ಸಣ್ಣ ಕೆಪ್ಯಾಸಿಟರ, ಒಂದು ಹಸಿರು ದೀಪ. ಮನೆಯ ಮೀಟರ ಎಣಿಸುವುದು ನಾವು ನಿಜವಾಗಿ ಸುಟ್ಟ ಯುನಿಟ್ಟನ್ನು. ಆ ಡಬ್ಬಿ ಅದರಲ್ಲಿ ಏನನ್ನೂ ಕಡಿಮೆ ಮಾಡಲಾರದು. ಬದಲಿಗೆ ಹಸಿರು ದೀಪದ್ದಷ್ಟು ಹೆಚ್ಚು ಆಗುತ್ತದೆ! ಇಂಥಲ್ಲಿ ಸಂಶಯ ಪಡದವ ಮೂರ್ಖ ಎಂದೇ ಹೇಳಬೇಕು.

ಇಲ್ಲಿವರೆಗಿನದು ಸುಲಭದ ಮಾತು. ಮುಂದಿನದು ಅಷ್ಟು ಸುಲಭ ಇಲ್ಲ.

2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಬಲ್ಬು ಸೋವಿ ಆಯಿತು. ಮೊದಲು ಮನೆಗೊಂದು 60 ವ್ಯಾಟಿನ ಬಲ್ಬು ಇತ್ತು ಎಂದು ಹಿಡಿಯೋಣ. ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ ಒಂಬತ್ತು ಯುನಿಟ್. 9 ವ್ಯಾಟಿನ ಎಲ್‌ಇಡಿ ಅಷ್ಟೇ ಬೆಳಕು ಕೊಡುತ್ತದೆ, ತಿಂಗಳಿಗೆ ಒಂದೂಕಾಲು ಯುನಿಟ್ಟಿನ ಮೇಲೆ ಸ್ವಲ್ಪ. ಆದರೆ ಈಗ ಎಷ್ಟು ಮನೆಗಳಲ್ಲಿ ಒಂದೇ ಬಲ್ಬು ಐತಿ? ಆರು ಬಲ್ಬು ಇವೆ. ಆರು ಒಂಬತ್ತಲೆ ಐವತ್ತನಾಲ್ಕು ವ್ಯಾಟು. ಐದು ತಾಸು ಉರಿದರೆ ತಿಂಗಳಿಗೆ ಎಂಟು ಯುನಿಟ್ಟು ದಾಟಿತು. ಸುತ್ತಾಡಿ ಮತ್ತೆ ಹಳೆಯ ಒಂಬತ್ತರ ಹತ್ತಿರವೇ ಬಂದು ನಿಂತೆವು. "ನೋಡ್ರಿ, ಉಳಿತಾಯ ಎಲ್ಲಿ ಐತಿ?" ಎಂದು ಸಂಶಯದ ಪಂಗಡದವರು ಇಲ್ಲಿ ತೊಡೆ ತಟ್ಟುತ್ತಾರೆ.

ನಾನು ಇಲ್ಲಿ ಅವರ ಜೊತೆ ತೊಡೆ ತಟ್ಟುವುದಿಲ್ಲ. ಆ ಹಳೆಯ ಒಂದು ಬಲ್ಬು ಎಲ್ಲಿ ಇರುತ್ತಿತ್ತು ಎಂದು ನೆನಪು ಮಾಡಿಕೊಳ್ಳಿರಿ. ಪಡಸಾಲೆಯಲ್ಲಿ ಇರುತ್ತಿತ್ತು. ಗಂಡಸರು ಅದರ ಕೆಳಗೆ ಕೂತು ಎಲಿ ಅಡಿಕಿ ಹಾಕಿಕೊಂಡು ಊರ ಮಾತು ಆಡುತ್ತಿದ್ದರು. ಅಡುಗೆ ಮನೆಯಲ್ಲಿ ಸೀಮೆ ಎಣ್ಣೆಯ ಚಿಮಣಿ ಇರುತ್ತಿತ್ತು. ಸೊಸೆ ಅದರ ಮಬ್ಬಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಬೇಳೆಯಲ್ಲಿನ ಹರಳು ಹೆಕ್ಕುತ್ತಿದ್ದಳು. ಬಚ್ಚಲಿಗೆ ಬೆಳಕು ಇರಲಿಲ್ಲ. ದನದ ಕೊಟ್ಟಿಗೆಗೆ ಕಂದೀಲು. ಈಗಿನ ಆರು ಬಲ್ಬಿನಲ್ಲಿ ಒಂದು ಅಡುಗೆ ಮನೆಗೆ, ಒಂದು ಬಚ್ಚಲಿಗೆ, ಒಂದು ಕೊಟ್ಟಿಗೆಗೆ, ಒಂದು ಹುಡುಗಿ ಕೂತು ಓದುವ ಮೂಲೆಗೆ ಹೋಗಿದ್ದರೆ ಅದನ್ನು ದಂಡ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅದು ಉಳಿತಾಯ ಅಲ್ಲ, ಖರೆ. ಅದು ಹಂಚಿಕೆ. ಒಬ್ಬರ ತಲೆಯ ಮೇಲೆ ಉರಿಯುತ್ತಿದ್ದ ಬೆಳಕು ಮನೆಯ ಎಲ್ಲರಿಗೂ ಮುಟ್ಟಿತು. ಅದೇ ಹೊತ್ತಿನಲ್ಲಿ ಹೊರಗೆ ಗೇಟಿನ ಕಂಬಕ್ಕೆ ಎರಡು ಬಲ್ಬು ಹಾಕಿ ನಮ್ಮ ಮನೆ ದೊಡ್ಡದು ಎಂದು ರಾತ್ರಿಯೆಲ್ಲ ಉರಿಸಿದರೆ ಅದು ದಂಡವೇ. ಮೀಟರಿಗೆ ಈ ಫರಕು ತಿಳಿಯದು. ಅದು ಎಲ್ಲವನ್ನೂ ಯುನಿಟ್ ಎಂದೇ ಎಣಿಸುತ್ತದೆ. ಫರಕು ಮನುಷ್ಯನಿಗೆ ತಿಳಿಯಬೇಕು.

ಒಲೆಯ ಮಾತಿನಲ್ಲಿ ಈ ಫರಕು ಇನ್ನೂ ನಿಚ್ಚಳ ಕಾಣುತ್ತದೆ. 2016ರ ಮೇ ತಿಂಗಳಿನಿಂದ ಉಜ್ವಲಾ ಯೋಜನೆಯ ಗ್ಯಾಸು ಬಡವರ ಮನೆಗೆ ಬರತೊಡಗಿತು. ಕಟ್ಟೆಯ ಮೇಲೆ ಕೂತವರು ಅಂದಿನಿಂದ ಇಂದಿನವರೆಗೂ ಒಂದೇ ಮಾತು ಹೇಳುತ್ತಿದ್ದಾರೆ. "ಒಲಿ ಮ್ಯಾಲಿನ ರೊಟ್ಟಿ ರುಚಿ ಗ್ಯಾಸಿನ ಮ್ಯಾಲ ಬರೂದಿಲ್ಲ ಬಿಡ್ರಿ." ಮಾತು ಸುಳ್ಳಲ್ಲ. ಕೆಂಡದ ಬದಿಗೆ ನಿಲ್ಲಿಸಿದ ಜೋಳದ ರೊಟ್ಟಿ ಉಬ್ಬುವ ಚಂದವೇ ಬೇರೆ. ಆದರೆ ಹೇಳುವವ ಯಾರು? ಊದುಗೊಳವಿ ಹಿಡಿದವ ಅಲ್ಲ. ಮಳೆಗಾಲದಲ್ಲಿ ಹಸಿ ಜಾಲಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಒರೆಸಿಕೊಂಡವ ಅಲ್ಲ. ದಮ್ಮು ಹತ್ತಿ ರಾತ್ರಿಯೆಲ್ಲ ಕೂತೇ ಬೆಳಗು ಮಾಡುವವ ಅಲ್ಲ. ತಿನ್ನುವವ ರುಚಿಯ ಲೆಕ್ಕ ಹೇಳುತ್ತಾನೆ. ಮಾಡುವವಳ ಲೆಕ್ಕ ಯಾರೂ ಕೇಳುವುದಿಲ್ಲ.

"ಸಿಲಿಂಡರಿಗೆ 900 ರೂಪಾಯಿ ಹೋಗತಾವ, ಕಟಗಿ ಪುಕ್ಕಟ ಸಿಗತೈತಿ" ಎನ್ನುವ ಮಾತನ್ನೂ ಲೆಕ್ಕಕ್ಕೆ ಹಚ್ಚಿ ನೋಡೋಣ. ತಿಂಗಳಿಗೆ ಎಂಟು ಸಲ ಅರ್ಧರ್ಧ ದಿನ ಕಟ್ಟಿಗೆ ಕುಳ್ಳಿಗೆ ಹೋಯಿತು ಎಂದರೆ ನಾಲ್ಕು ದಿನ ಆಯಿತು. ಅದೇ ನಾಲ್ಕು ದಿನ ಅವಳು ಬೇರೆಯವರ ಹೊಲಕ್ಕೆ ಹೋಗಿದ್ದರೆ, ದಿನಕ್ಕೆ 300 ರೂಪಾಯಿ ಕೂಲಿ ಹಿಡಿದರೂ, 1200 ರೂಪಾಯಿ ಬರುತ್ತಿತ್ತು. ಹಾಗಾದರೆ ಕಟ್ಟಿಗೆ ಪುಕ್ಕಟೆ ಹ್ಯಾಂಗಾಯಿತು? ಅವಳ ದಿನವನ್ನು ನಾವು ಸೊನ್ನೆ ಎಂದು ಬರೆದದ್ದಕ್ಕೆ ಪುಕ್ಕಟೆ ಆಯಿತು. ಕೂಲಿ ಸಿಗದ ದಿನಗಳೂ ಇರುತ್ತವೆ, ಒಪ್ಪುತ್ತೇನೆ. ಕೈಯಲ್ಲಿ ಒಮ್ಮೆಲೇ 900 ರೂಪಾಯಿ ಇಲ್ಲದ ಮನೆಯವರು ಗ್ಯಾಸು ಇದ್ದೂ ಒಲೆ ಹಚ್ಚುತ್ತಾರೆ. ಅದು ಬಡತನ, ಅವರ ಮೇಲೆ ನನ್ನ ಮಾತಿಲ್ಲ. ರೊಕ್ಕ ಇದ್ದೂ, ಮೊಬೈಲಿಗೆ ಹಿಂದೆ ಮುಂದೆ ನೋಡದೆ ಸುರಿದೂ, ಸಿಲಿಂಡರ ತುಂಬಿಸುವಾಗ ಮಾತ್ರ ಹಿರಿಯರ ಕಾಲ ನೆನೆಯುವವರ ಮೇಲೆ ನನ್ನ ಮಾತು.

ಹಾಡುವವರಲ್ಲಿಯೂ ಈ ರೋಗ ಐತಿ. ಗಿರಣಿ ಬಂದು ಬೀಸುಕಲ್ಲಿನ ಪದ ಹೋದವು ಎಂದು ದೊಡ್ಡ ದೊಡ್ಡ ಸಭೆಗಳಲ್ಲಿ ಮರಗುತ್ತಾರೆ. ಹಾಡು ಹೋದದ್ದು ಖರೆ, ನನಗೂ ಅದರ ದುಃಖ ಐತಿ. ಆದರೆ ಆ ಪದಗಳು ಹುಟ್ಟಿದ್ದು ಎಲ್ಲಿಂದ? ಮೂರನೆಯ ಜಾವಕ್ಕೆ ಎದ್ದು, ಹಸಿದ ಹೊಟ್ಟೆಯಲ್ಲಿ, ತೋಳು ಸೋಲುವವರೆಗೆ ಬೀಸುವಾಗ ನಿದ್ದೆ ಬರಬಾರದು, ದಣಿವು ತಿಳಿಯಬಾರದು ಎಂದು ಹುಟ್ಟಿದವು. ತವರಿನ ನೆನಪು, ಅತ್ತೆಯ ಕಾಟ, ಬಾರದ ಅಣ್ಣನ ದಾರಿ ಎಲ್ಲಾ ಅದರಲ್ಲಿ ಬಂದವು. ಹಾಡು ಉಳಿಯಲಿ ಎಂದು ಕಲ್ಲನ್ನು ಅವಳ ಕೈಗೆ ಮತ್ತೆ ಕೊಡೋಣವೇ? ಬೀಸಲಿಕ್ಕೆ ನಾವು ಕೂಡುತ್ತೇವೆಯೇ? ಇಲ್ಲ. ಹಾಗಾದರೆ ಹಾಡನ್ನು ಬರೆದು ಇಡೋಣ, ಕಲಿಸೋಣ, ಶಾಲೆಯಲ್ಲಿ ಹಾಡಿಸೋಣ. ಗಿರಣಿಗೆ ಶಾಪ ಹಾಕುವುದು ಬ್ಯಾಡ. ಇನ್ನೊಬ್ಬರ ದಣಿವಿನ ಮೇಲೆ ನಮ್ಮ ಸಂಸ್ಕೃತಿ ಉಳಿಯಬೇಕು ಎನ್ನುವುದು ಧರ್ಮವಲ್ಲ.

ಹಾಗೆಂದು ಹೊಸದು ಬಂದರೆ ಹೆಂಗಸರ ಕಷ್ಟ ತಾನಾಗಿ ಕಡಿಮೆ ಆಗುತ್ತದೆ ಎಂದೂ ಇಲ್ಲ. ಗೋಬರ ಗ್ಯಾಸನ್ನೇ ನೋಡಿರಿ. ಬಹಳ ಒಳ್ಳೆಯ ಯೋಜನೆ. ಹೊಗೆ ಇಲ್ಲ, ಹೊಲಕ್ಕೆ ಗೊಬ್ಬರವೂ ಉಳಿಯುತ್ತದೆ. ಆದರೆ ಒಂದು ಸಣ್ಣ ಮನೆಯ ಅಡುಗೆಗೂ ನಾಲ್ಕೈದು ದನದ ಸಗಣಿ ದಿನಾ ಬೇಕು, ಸಗಣಿಯಷ್ಟೇ ನೀರೂ ಬೇಕು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಊರಿನಲ್ಲಿ ಆ ನೀರನ್ನು ಹೊತ್ತು ತರುವವರು ಯಾರು, ಸಗಣಿ ಕಲಸುವವರು ಯಾರು? ದನ ಮಾರಿದ ಮೇಲೆ ಎಷ್ಟೋ ಮನೆಗಳ ಹಿಂದೆ ಆ ಗುಂಡಿಗಳು ಹಾಳು ಬಿದ್ದಿವೆ. ಅದಕ್ಕೇ ಯಾವ ಸಾಮಾನು ಬಂದರೂ ಬೆಲೆ ಕೇಳುವ ಮೊದಲು ಒಂದು ಮಾತು ಕೇಳಬೇಕು. ಇದನ್ನು ದಿನಾ ನಡೆಸುವ ಕೈ ಯಾರದು? ಆ ಕೈಯವರನ್ನು ಕೇಳಿದ್ದೀರೋ ಇಲ್ಲೋ? ಅವಳೇ "ರೊಟ್ಟಿಗೆ ಒಲಿ ಇರಲಿ, ಚಾಕ್ಕ ಗ್ಯಾಸ ಸಾಕು" ಅಂದರೆ ಅದು ಅವಳ ಮಾತು, ಅದಕ್ಕೆ ತೂಕ ಐತಿ. ಅದೇ ಮಾತನ್ನು ಕಟ್ಟೆಯಿಂದ ಹೇಳಿದರೆ ತೂಕವಿಲ್ಲ.

ಇನ್ನು ಪುಕ್ಕಟೆಯ ಮಾತು. "ಪುಕ್ಕಟ ಸಿಕ್ಕರ ನನಗೂ ಇರಲಿ, ನಮ್ಮಪ್ಪಗೂ ಇರಲಿ" ಎಂದು ಗಾದೆ ಐತಿ. ಸೂರ್ಯ ಪುಕ್ಕಟೆ, ಹಾಗಾಗಿ ಸೋಲಾರ ಪುಕ್ಕಟೆ ಎಂದು ಈಗ ಎಲ್ಲರ ಬಾಯಲ್ಲೂ ಬಂದಿದೆ. 2024ರ ಫೆಬ್ರುವರಿಯಲ್ಲಿ ಸುರುವಾದ ಪಿಎಂ ಸೂರ್ಯ ಘರ ಯೋಜನೆಯಲ್ಲಿ ಮನೆಯ ಮಾಳಿಗೆಯ ಮೇಲೆ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಮೇಲಿನದಕ್ಕೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಒಳ್ಳೆಯದೇ. ಆದರೆ ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟು ದಿನಕ್ಕೆ ಸುಮಾರು ನಾಲ್ಕು ಯುನಿಟ್ ಕೊಡುತ್ತದೆ, ತಿಂಗಳಿಗೆ ನೂರಿಪ್ಪತ್ತು. ತಿಂಗಳಿಗೆ 60 ಯುನಿಟ್ ಸುಡುವ ಮನೆಗೆ ಮೂರು ಕಿಲೋವ್ಯಾಟು ಯಾತಕ್ಕೆ? ಸಬ್ಸಿಡಿ ದೊಡ್ಡದು ಎಂದು ಸಾಲ ದೊಡ್ಡದು ಮಾಡಿಕೊಳ್ಳುವುದು ಉಗುರಿನಿಂದ ಹೋಗುವುದಕ್ಕೆ ಕೊಡಲಿ ತಂದಂತೆ.

ಇದರಲ್ಲಿ ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ, ಊರಿನ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ರಣ ಬಿಸಿಲು ಇದ್ದರೂ ನಿಲ್ಲುತ್ತದೆ. "ನಮ್ಮ ಮಾಳಗಿ ಮ್ಯಾಲ ತಯಾರಾದ ಕರೆಂಟು ನಮಗs ಇಲ್ಲಂದರ ಹ್ಯಾಂಗ?" ಎಂದು ಮಂದಿ ಸಿಟ್ಟಾಗುತ್ತಾರೆ. ಕಾರಣ ಕೇಳಿದರೆ ಸಿಟ್ಟು ಇಳಿಯುತ್ತದೆ. ಲೈನು ಬಂದಾಗಿದೆ ಎಂದು ನಂಬಿ ವಾಯರಮನ್ ಕಂಬ ಏರಿರುತ್ತಾನೆ. ನಮ್ಮ ಮಾಳಿಗೆಯಿಂದ ಕರೆಂಟು ತಂತಿಗೆ ಹರಿದರೆ ಅವನ ಜೀವ ಹೋಗುತ್ತದೆ. ಅವನ ಜೀವ ಕಾಯಲಿಕ್ಕೆ ಯಂತ್ರವನ್ನೇ ಹಾಗೆ ಮಾಡಿದ್ದಾರೆ. ಕಬ್ಬಿಣದ ಡಬ್ಬಿಗೆ ಇಷ್ಟು ಧರ್ಮ ಕಲಿಸಿದ್ದಾರೆ ಎಂದರೆ ಮನುಷ್ಯರಾದ ನಾವು ಎಷ್ಟು ಕಲಿಯಬೇಕು! ನನ್ನ ಮನೆಯ ಸುಖ ಇನ್ನೊಬ್ಬನ ಜೀವಕ್ಕೆ ಬರಬಾರದು ಎಂಬುದು ಅದರೊಳಗೆ ಕೂಡಿಸಿಟ್ಟ ಮಾತು. ಮಾರುವವ ಇದನ್ನು ಮೊದಲೇ ಬಿಚ್ಚಿ ಹೇಳಬೇಕು, ಅಷ್ಟೇ.

ಹೊಲದ ಸೋಲಾರ ಪಂಪಿನಲ್ಲಿ ಈ ಧರ್ಮದ ಪ್ರಶ್ನೆ ಇನ್ನೂ ದೊಡ್ಡದು. ಮಹಾರಾಷ್ಟ್ರ ಸರ್ಕಾರದ "ಮಾಗೇಲ ತ್ಯಾಲಾ ಸೌರ ಕೃಷಿ ಪಂಪ" ಯೋಜನೆಯಲ್ಲಿ ರೈತ ತುಂಬುವುದು ನೂರಕ್ಕೆ ಹತ್ತು, ಪರಿಶಿಷ್ಟ ಜಾತಿ ಪಂಗಡದವರಿಗೆ ನೂರಕ್ಕೆ ಐದು. 2024ರಿಂದ ಏಳೂವರೆ ಎಚ್‌ಪಿವರೆಗಿನ ಪಂಪಿಗೆ ಕರೆಂಟೂ ಪುಕ್ಕಟೆ ಮಾಡಿದ್ದಾರೆ. ಸೋಲಾರ ಪಂಪಿನ ದೊಡ್ಡ ಪುಣ್ಯ ಎಂದರೆ ಹಗಲಿನ ನೀರು. ರಾತ್ರಿ ಪಾಳಿಯ ಕರೆಂಟಿಗೆ ಬ್ಯಾಟರಿ ಹಿಡಿದು, ಹಾವು ಚೇಳಿನ ಭಯದಲ್ಲಿ, ಚಳಿಯಲ್ಲಿ ನೀರು ಹಾಯಿಸಿದವರಿಗೆ ಅದರ ಬೆಲೆ ಗೊತ್ತು. ಅದನ್ನು ಹಳಿಯುವವನ ಮಾತು ನಾನು ಕೇಳುವುದಿಲ್ಲ.

ಆದರೆ ಬಿಸಿಲು ಪುಕ್ಕಟೆ ಇದ್ದಷ್ಟಕ್ಕೆ ನೀರು ಪುಕ್ಕಟೆ ಆಯಿತೇ? ಮೊದಲು ಬಿಲ್ಲಿನ ಹೆದರಿಕೆಗೋ, ಡಿಪಿ ಸುಟ್ಟದ್ದಕ್ಕೋ ಮೋಟಾರ ನಿಲ್ಲುತ್ತಿತ್ತು. ಆ ಹೊತ್ತು ಬೋರಿಗೂ ವಿಶ್ರಾಂತಿ ಸಿಗುತ್ತಿತ್ತು. ಈಗ ಹೊತ್ತು ಏರಿದಾಗಿನಿಂದ ಹೊತ್ತು ಇಳಿಯುವವರೆಗೆ ಪಂಪು ಎತ್ತುತ್ತಲೇ ಇರುತ್ತದೆ. ದ್ರಾಕ್ಷಿ ದಾಳಿಂಬೆಗೆ ಬೇಕಾದದ್ದು ಆದ ಮೇಲೂ ನಿಲ್ಲಿಸುವವರಿಲ್ಲ. ಯಾಕೆ ನಿಲ್ಲಿಸಬೇಕು, ಬಿಲ್ಲಿಲ್ಲವಲ್ಲ! ಭೂಮಿಯ ಮೇಲೆ ನಮ್ಮ ನಮ್ಮ ಬಾಂಧು ಇರುತ್ತದೆ, ಭೂಮಿಯ ಒಳಗೆ ಬಾಂಧು ಇಲ್ಲ. ನನ್ನ ಬೋರು ಎತ್ತುವುದು ನನ್ನ ನೀರಷ್ಟೇ ಅಲ್ಲ, ಬದಿಯ ಹೊಲದವನ ಬಾವಿಯ ನೀರೂ ಹೌದು, ಮುಂದೆ ಬರುವ ಮಕ್ಕಳ ನೀರೂ ಹೌದು. ನಾನು ತುಂಬದ ಬಿಲ್ಲನ್ನು ಅವರು ತುಂಬುತ್ತಾರೆ.

ನಮ್ಮ ಗುಡ್ಡಾಪುರ ದಾನಮ್ಮನ ದಾಸೋಹದಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಅನ್ನಕ್ಕೆ ಬೆಲೆ ಇಲ್ಲ. ಎಷ್ಟು ಬೇಕೋ ಅಷ್ಟು ನೀಡುತ್ತಾರೆ. ಆದರೆ ನೀಡಿಸಿಕೊಂಡು ಚೆಲ್ಲಿ ಎದ್ದರೆ ಬದಿಗೆ ಕೂತ ಹಿರಿಯರು ಕಣ್ಣಿನಿಂದಲೇ ಗದರಿಸುತ್ತಾರೆ. ಬೆಲೆ ಇಲ್ಲದ ವಸ್ತುವಿಗೆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ಬೆಲೆ ಇದ್ದದ್ದನ್ನು ಬೆಲೆಯೇ ಕಾಯುತ್ತದೆ. ಪುಕ್ಕಟೆಯನ್ನು ಕಾಯುವುದು ಮನಸ್ಸು ಮಾತ್ರ. ಹಾಗಾಗಿ ಪುಕ್ಕಟೆ ಸಾಮಾನು ಬಂದಾಗ ಸಂಶಯ ಪಡಬೇಕಾದದ್ದು ಸರ್ಕಾರದ ಮೇಲೆ ಅಷ್ಟೇ ಅಲ್ಲ, ನಮ್ಮ ಕೈಯ ಮೇಲೂ ಪಡಬೇಕು.

ನಮ್ಮ ಕಡೆಯ ಗೀಗೀ ಪದ ಎಲ್ಲರೂ ಕೇಳಿದ್ದೀರಿ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ದಪ್ಪು ತುಂತುಣಿಯ ಜೋಡಿ ಬೆಳತನಕ ಸವಾಲು ಜವಾಬು ನಡೆಯುತ್ತದೆ. ಕೇಳುವವರಿಗೆ ಅದು ಜಗಳದಂತೆ ಕಾಣುತ್ತದೆ. ಒಳಗೆ ನಿಯಮ ಐತಿ. ಸವಾಲು ಹಾಕಿದವನಿಗೆ ಅದರ ಜವಾಬು ಗೊತ್ತಿರಬೇಕು, ಇಲ್ಲದಿದ್ದರೆ ಅದು ಸವಾಲಲ್ಲ, ಬರೀ ಕಾಟ. ಎದುರಿನ ಮೇಳ ಜವಾಬು ಹಾಡುವವರೆಗೆ ಸುಮ್ಮನೆ ಕೂತು ಕೇಳಬೇಕು. ಜವಾಬು ಸರಿ ಇದ್ದರೆ ತಲೆದೂಗಬೇಕು.

ಮನೆಗೆ ಬರುವ ಸಾಮಾನಿನ ಸಂಶಯಕ್ಕೂ ಇದೇ ನಿಯಮ ಸಾಕು ಎಂದು ನನಗೆ ಅನಿಸುತ್ತದೆ. ಮಾರುವವನಿಗೆ ಸವಾಲು ಹಾಕುವವ ವ್ಯಾಟು ತಾಸಿನ ಲೆಕ್ಕವನ್ನು ಮೊದಲು ತಾನು ಕಲಿಯಬೇಕು. ಕೆಟ್ಟರೆ ರಿಪೇರಿ ಮಾಡುವವ ಎಷ್ಟು ದೂರ ಇದ್ದಾನೆ, ಐದು ವರ್ಷದ ಗ್ಯಾರಂಟಿ ಮುಗಿದ ಮೇಲೆ ಯಾರು ಬರುತ್ತಾರೆ, ಸತ್ತ ಬ್ಯಾಟರಿಯ ಸೀಸ ಯಾರ ಹಿತ್ತಲಿಗೆ ಹೋಗಿ ಬೀಳುತ್ತದೆ ಎಂದು ಕೇಳಬೇಕು. ಕೇಳಿ ಜವಾಬಿಗೆ ಕಾಯಬೇಕು. ಜವಾಬು ಸರಿ ಬಂದರೆ ಹಟ ಬಿಟ್ಟು ತಗೋಬೇಕು. ಮತ್ತು ಮನೆಯೊಳಗಿನ ನಾಗೇಶಿಯ ಪಾಳಿ ಬರುವವರೆಗೆ ಹರದೇಶಿ ತೀರ್ಪು ಹೇಳಬಾರದು. ಯಾಕೆಂದರೆ ಒಲೆಯ ಮುಂದೆ, ಕೊಡದ ಕೆಳಗೆ, ಬಚ್ಚಲ ಕಲ್ಲಿನ ಮೇಲೆ ದಿನ ಕಳೆಯುವವರ ಜವಾಬು ನಮಗೆ ಗೊತ್ತಿರುವುದಿಲ್ಲ.

ನನ್ನ ರೊಕ್ಕ ಉಳಿಸುವ ಸಂಶಯ ಲೆಕ್ಕ, ಅದು ಇರಲಿ. ಇನ್ನೊಬ್ಬರ ನೀರು, ಇನ್ನೊಬ್ಬರ ಜೀವ ಉಳಿಸುವ ಸಂಶಯ ಧರ್ಮ, ಅದು ಹೆಚ್ಚಲಿ. ಇನ್ನೊಬ್ಬರ ಕಷ್ಟವನ್ನು ಇದ್ದಲ್ಲೇ ಇಡುವ ಸಂಶಯ ಮಾತ್ರ ಬ್ಯಾಡ. ಈ ಸಲ ಯಾರ ಮನೆಯಲ್ಲಾದರೂ ಇಂಥ ಮಾತು ಬಂದರೆ ಕಟ್ಟೆಗೆ ಬರುವ ಮೊದಲು ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತು ಒಮ್ಮೆ ಕೇಳಿರಿ. ಅಲ್ಲಿ ಏನಂತಾರೋ ಅದನ್ನು ಕಟ್ಟೆಗೆ ತಗೊಂಡು ಬರ್ರಿ, ಅಲ್ಲಿಂದ ಮುಂದೆ ಮಾತಾಡೋಣ.